ಹಳೇ ಎಂಜಿಬಿಗೆ ಎರಡು ಸಾಲಿನ ಬ್ರೇಕ್ ಹಾಕಿದ ನನ್ನ ಅನುಭವ

ನನ್ನ ಎಂಜಿಬಿ ರೋಡ್‌ಸ್ಟರ್ (ಬ್ರಿಟನ್ನಿನ ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರು) 1967ರದು. ಅದು ತಯಾರಾದ ಆಬಿಂಗ್ಡನ್, ಆಕ್ಸ್‌ಫರ್ಡ್‌ನ ನಮ್ಮ ಮನೆಗೆ ಹತ್ತಿರವೇ. ಒಂದು ಭಾನುವಾರ ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ. ಪೆಡಲ್ ಸೀದಾ ನೆಲ ಮುಟ್ಟಿತು. ಹ್ಯಾಂಡ್‌ಬ್ರೇಕ್ ಕೇಬಲ್‌ನಲ್ಲಿ ನಡೆಯುತ್ತೆ, ಅದರಿಂದ ಬಚಾವಾದೆ. ಬಗ್ಗಿ ನೋಡಿದರೆ ಹಿಂದಿನ ಆಕ್ಸಲ್‌ಗೆ ಹೋಗುವ ಬ್ರೇಕ್ ಆಯಿಲ್‌ನ ರಬ್ಬರ್ ಹೋಸ್ (ಬಾಗುವ ಕೊಳವೆ) ಸೀಳಿತ್ತು.

ಹೋಸ್ ಹೋಗಿದ್ದು ಹಿಂದೆ. ಆದರೆ ಮುಂದಿನ ಡಿಸ್ಕ್ ಬ್ರೇಕ್ ಕೂಡ ಹಿಡಿಯಲಿಲ್ಲ. ಯಾಕೆಂದರೆ ಈ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಆಯಿಲ್ ಹೋಗೋದು ಒಂದೇ ಪೈಪ್ ಸಾಲಿನಲ್ಲಿ. ಎಲ್ಲಿ ಸೋರಿದರೂ ಒತ್ತಡವೆಲ್ಲ ಅಲ್ಲೇ ಖಾಲಿ. ಅಮೆರಿಕಕ್ಕೆ ಹೋಗುತ್ತಿದ್ದ ಎಂಜಿಬಿಗಳಿಗೆ 1968ರ ಮಾದರಿಯಿಂದಲೇ ಎರಡು ಸಾಲು ಬಂದಿತ್ತು, ಮುಂದಿನ ಚಕ್ರಗಳಿಗೊಂದು, ಹಿಂದಿನವಕ್ಕೊಂದು. ದೊಡ್ಡ ಕ್ಯಾಲಿಪರ್ (ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ಹಾಕು ಎಂದರು ಸ್ನೇಹಿತರು. ನನಗೆ ಒಪ್ಪಿಗೆಯಾಗಲಿಲ್ಲ. ಇಷ್ಟು ಹಗುರ ಕಾರಿಗೆ ಅದರ ಡಿಸ್ಕೇ ಸಾಕು. ಬೇಕಿದ್ದದ್ದು, ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುವ ಏರ್ಪಾಡು. ನಲವತ್ತು ವರ್ಷ ದಾಟಿದ ಕಾರಿಗೆ ಇಲ್ಲಿ ಬ್ರಿಟನ್‌ನಲ್ಲಿ ಎಂಒಟಿ ಎಂಬ ವರ್ಷದ ಸುರಕ್ಷತಾ ತಪಾಸಣೆ ಸಾಮಾನ್ಯವಾಗಿ ಕಡ್ಡಾಯವಲ್ಲ. ಹಾಗಾಗಿ ನಾನು ನೋಡದಿದ್ದರೆ ಬೇರೆ ಯಾರೂ ನೋಡಲ್ಲ, ಅಲ್ವಾ?

ಪೆಡಲ್ ಒತ್ತಿದಾಗ ಆಯಿಲನ್ನು ಪೈಪ್‌ಗಳಿಗೆ ನೂಕುವುದು ಮಾಸ್ಟರ್ ಸಿಲಿಂಡರ್. ಎರಡು ಸಾಲಿನದು ಉದ್ದ ಜಾಸ್ತಿ. ಪೆಡಲ್ ಜೋಡಿಸುವ ಹಳೇ ಪೆಡಲ್ ಬಾಕ್ಸ್‌ನಲ್ಲಿ ಕೂರಲಿಲ್ಲ, ಅದನ್ನೂ ಬದಲಿಸಿದೆ. ಮೂರೂ ಹೋಸ್ ಹೊಸದು. ತುಕ್ಕು ಹಿಡಿದ ಉಕ್ಕಿನ ಪೈಪ್‌ಗಳ ಜಾಗಕ್ಕೆ ತಾಮ್ರ-ನಿಕಲ್ ಪೈಪ್. ಇಲ್ಲೊಂದು ಕಡೆ ಎಡವಿದೆ. ಈ ಕಾರಿನ ಪೈಪ್ ನಟ್ 3/8 ಇಂಚಿನ ಯುಎನ್‌ಎಫ್ ಥ್ರೆಡ್ (ಇಂಚು ಅಳತೆಯ ಸಣ್ಣ ಮರೆ). ನಾನು ತಂದಿದ್ದರಲ್ಲಿ ಒಂದು 10 ಮಿ.ಮೀ. ಮೆಟ್ರಿಕ್ ನಟ್ ಸೇರಿತ್ತು. ಕಣ್ಣಿಗೆ ಎರಡೂ ಒಂದೇ. ಎರಡನೇ ಸುತ್ತಿಗೇ ಬಿಗಿಯಾಯಿತು, ಬಿಚ್ಚಿದೆ. ಅಲ್ಲಿ ಸ್ಪ್ಯಾನರ್ ಹಾಕಿ ತಿರುಗಿಸಿದ್ದರೆ ಹೊಸ ಸಿಲಿಂಡರ್‌ನ ಥ್ರೆಡ್ಡೇ ಹೋಗುತ್ತಿತ್ತು. ಮೊದಲ ನಾಲ್ಕು ಸುತ್ತು ಬೆರಳಲ್ಲೇ ತಿರುಗಬೇಕು.

ಬ್ರೇಕ್ ಲೈಟಿನ ಸ್ವಿಚ್ ಬಗ್ಗೆ ಯಾರೂ ಹೇಳಿರಲಿಲ್ಲ. ಹಳೇ ಸ್ವಿಚ್ ಆಯಿಲ್ ಒತ್ತಡದಿಂದ ಕೆಲಸ ಮಾಡುವಂಥದ್ದು. ಅದನ್ನು ಒಂದು ಸಾಲಿಗೆ ಕೂರಿಸಿ, ಆ ಸಾಲೇ ಸೋರಿದರೆ ಹಿಂದೆ ಲೈಟೂ ಹತ್ತಲ್ಲ. ಪೆಡಲ್‌ಗೇ ತಾಗುವ ಸ್ವಿಚ್ ಹಾಕಿದೆ.

ಪೈಪ್‌ಗಳಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯುವ ಮುಂಚೆ, ಸಿಲಿಂಡರಿಗೆ ಬೆಂಚಿನ ಮೇಲೇ ಆಯಿಲ್ ತುಂಬಿಸಿಕೊಂಡೆ. ಹಿಂದಿನ ಡ್ರಮ್ ಬ್ರೇಕ್ ಪೂರ್ತಿ ಬಿಗಿ ಮಾಡಿದೆ. ಇಲ್ಲದಿದ್ದರೆ ಪೆಡಲ್ ಮೆತ್ತಗೇ ಇರುತ್ತೆ. ಹೆಂಡತಿ ಪೆಡಲ್ ಒತ್ತಿದಳು. "ಒತ್ತಿದೀನಿ ರೀ" ಅಂದಾಗ ನಾನು ಚಕ್ರದ ಹತ್ತಿರದ ನಿಪ್ಪಲ್ (ಗಾಳಿ ಹೊರಬಿಡುವ ತಿರುಪು) ಬಿಚ್ಚೋದು, ಮುಚ್ಚಿದ ಮೇಲೆ "ಬಿಡು" ಅನ್ನೋದು. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹಾಕಿದೆ. ಹೊಸದರಲ್ಲಿ ಅದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಲ್ಲ. ತೇವ ಹೀರಿಕೊಂಡರೆ ಆ ಮಿತಿ 155ಕ್ಕೆ ಇಳಿಯುತ್ತೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇನೆ.

ಕೊನೆಗೆ ಬೇಕೆಂದೇ ಹಿಂದಿನ ಒಂದು ನಿಪ್ಪಲ್ ಬಿಚ್ಚಿಟ್ಟು ಪೆಡಲ್ ಒತ್ತಿಸಿದೆ. ತುಂಬಾ ಕೆಳಗೆ ಹೋಯಿತು. ಆದರೆ ನೆಲ ಮುಟ್ಟುವ ಮೊದಲೇ ಗಟ್ಟಿಯಾಗಿ ನಿಂತಿತು. ಮುಂದಿನ ಚಕ್ರಗಳನ್ನು ಎರಡೂ ಕೈಯಲ್ಲಿ ತಿರುಗಿಸಲು ನೋಡಿದೆ. ಅಲುಗಾಡಲಿಲ್ಲ.