ಎರಡನೆಯ ದಿನದ ಬ್ರೆಡ್

ಪ್ರತಿ ಶನಿವಾರ 500 ಗ್ರಾಂ ಮೈದಾ ತೂಗಿ ಎರಡು ಬ್ರೆಡ್ ಮಾಡುತ್ತೇನೆ. ಒಂದು ನಮಗೆ, ಇನ್ನೊಂದು ಬೇರೆ ಮನೆಗೆ. ಕೈ ಪಳಗಬೇಕಾದರೆ ವಾರಕ್ಕೊಮ್ಮೆಯಾದರೂ ಹಿಟ್ಟು ನಾದಲೇಬೇಕು. ಮಾಡಿದ್ದನ್ನೆಲ್ಲ ತಿಂದು ಮುಗಿಸಲು ಮನೆಯ ಇಬ್ಬರಿಂದ ಆಗದು. ಹಂಚುವುದು ಹೀಗೆ ಶುರುವಾಯಿತು. ನನಗೆ ಬ್ರೆಡ್ ಮಾಡಲು ಸರಿಯಾಗಿ ಕಲಿಸಿದ್ದೂ ಈ ಹಂಚಿಕೆಯೇ.

ಆರಂಭದ ತಪ್ಪುಗಳು ಎಲ್ಲರೂ ಮಾಡುವಂಥವು. ಸುಡುವ ನೀರಿಗೆ ಯೀಸ್ಟ್ ಹಾಕಿ ಕೊಂದೆ. 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಅದು ಬದುಕುವುದಿಲ್ಲ, ಉಗುರು ಬೆಚ್ಚಗಿದ್ದರೆ ಸಾಕು. ಒಮ್ಮೆ ಉಪ್ಪು ಮರೆತೆ. ಅಂದು ಹಿಟ್ಟು ಎಂದಿಗಿಂತ ಬೇಗ ಉಬ್ಬಿತು, ಆದರೆ ಕೈಗೆ ಜೋಲುಜೋಲಾಗಿ ಅಂಟಿಕೊಂಡಿತು. ಉಪ್ಪು ರುಚಿಗಷ್ಟೇ ಎಂದುಕೊಂಡಿದ್ದವಳಿಗೆ, ಅದು ಯೀಸ್ಟ್‌ನ ವೇಗಕ್ಕೆ ಕಡಿವಾಣ ಹಾಕಿ ಹಿಟ್ಟಿನ ಎಳೆಗೆ ಬಿಗಿ ಕೊಡುತ್ತದೆ ಎಂಬುದು ಅಂದು ತಿಳಿಯಿತು. ಲೋಟದ ಅಳತೆಯನ್ನೂ ಬೇಗನೆ ಬಿಟ್ಟೆ. ಒಂದೇ ಲೋಟದಲ್ಲಿ ಸಡಿಲವಾಗಿ ತುಂಬಿದ ಹಿಟ್ಟಿಗೂ ಒತ್ತಿ ತುಂಬಿದ ಹಿಟ್ಟಿಗೂ ಇಪ್ಪತ್ತು ಮೂವತ್ತು ಗ್ರಾಂ ವ್ಯತ್ಯಾಸ ಬರುತ್ತದೆ. ಬ್ರೆಡ್ಡಿನ ಹದ ಕೆಡಲು ಅಷ್ಟು ಸಾಕು. ಹೊಸಬರು ಮೊದಲು ಕೊಳ್ಳಬೇಕಾದದ್ದು ಚಂದದ ಅಚ್ಚುಗಳನ್ನಲ್ಲ, ತೂಕದ ಯಂತ್ರವನ್ನು. ಎರಡನೆಯದು ಓವನ್ ಒಳಗಿಡುವ ಥರ್ಮಾಮೀಟರ್. ನನ್ನ ಓವನ್‌ನ ಗುಂಡಿ 200 ಎಂದು ತೋರಿಸುವಾಗ ಒಳಗೆ ಇದ್ದದ್ದು 175 ಡಿಗ್ರಿ ಮಾತ್ರ.

ಇಷ್ಟೆಲ್ಲ ಸರಿಹೋದ ಮೇಲೆ ಎದುರು ಮನೆಯ ಅಜ್ಜಿಗೆ ಮೊದಲ ಬ್ರೆಡ್ ಕೊಟ್ಟೆ. ಮರುದಿನ ಸಂಜೆ ಸಿಕ್ಕಾಗ ಅವರು ಹೇಳಿದರು: ‘ರುಚಿ ಚೆನ್ನಾಗಿದೆ ಕಣಮ್ಮ. ಆದರೆ ಬೆಳಿಗ್ಗೆ ಕೊಯ್ದರೆ ಪುಡಿಪುಡಿಯಾಯಿತು, ಅಗಿಯಲು ಆಗಲಿಲ್ಲ.’ ನನಗೆ ಅಚ್ಚರಿ. ನಾನು ತಿಂದದ್ದು ಹತ್ತಿಯಂತಿತ್ತು. ಯೋಚಿಸಿದರೆ, ನಾನು ಯಾವಾಗಲೂ ತಿನ್ನುತ್ತಿದ್ದದ್ದು ಓವನ್‌ನಿಂದ ಇಳಿಸಿದ ಒಂದೆರಡು ಗಂಟೆಯೊಳಗೆ. ಕೊಟ್ಟ ಮನೆಯವರು ತಿನ್ನುತ್ತಿದ್ದದ್ದು ಮರುದಿನ. ಇಬ್ಬರೂ ತಿಂದದ್ದು ಒಂದೇ ಬ್ರೆಡ್ ಅಲ್ಲ.

ಒಣಗಿ ಹೋಗುತ್ತಿದೆಯೇನೋ ಎಂದು ಗಾಳಿಯಾಡದ ಡಬ್ಬಿಯಲ್ಲಿಟ್ಟೆ. ಆದರೂ ಬಿರುಸಾಯಿತು. ಬ್ರೆಡ್ ಗಟ್ಟಿಯಾಗಲು ನೀರು ಆರಿಹೋಗಲೇಬೇಕೆಂದಿಲ್ಲ ಎಂದು ಫ್ರೆಂಚ್ ರಸಾಯನಶಾಸ್ತ್ರಜ್ಞ ಬೂಸಿಂಗೋ 1852ರಲ್ಲೇ ತೋರಿಸಿದ್ದರಂತೆ. ಬೇಯುವಾಗ ನೀರು ಕುಡಿದು ಉಬ್ಬಿದ ಪಿಷ್ಟ, ತಣಿದ ಮೇಲೆ ಮತ್ತೆ ಸಾಲುಗಟ್ಟಿ ಬಿಗಿಯಾಗುತ್ತದೆ. ಫ್ರಿಜ್‌ನ ತಂಪಿನಲ್ಲಿ ಇದು ಇನ್ನೂ ಬೇಗ ನಡೆಯುತ್ತದೆ. ಅಜ್ಜಿ ನನ್ನ ಬ್ರೆಡ್ಡನ್ನು ಫ್ರಿಜ್‌ನಲ್ಲಿಟ್ಟಿದ್ದರು. ಹಾಗೆ ಇಡಬಾರದೆಂದು ಹೇಳಬೇಕಾದವಳು ನಾನು, ಹೇಳಿರಲಿಲ್ಲ.

ಪರಿಹಾರ ಸಿಕ್ಕಿದ್ದು ಗಂಜಿಯಲ್ಲಿ. ಪೂರ್ವ ಏಷ್ಯಾದ ಬೇಕರಿಗಳಲ್ಲಿ ಬಳಕೆಯಲ್ಲಿರುವ ಈ ವಿಧಾನಕ್ಕೆ ತಾಂಗ್‌ಝಾಂಗ್ ಎಂಬ ಹೆಸರಿದೆ. 500 ಗ್ರಾಂ ಹಿಟ್ಟಿನಲ್ಲಿ 25 ಗ್ರಾಂ ತೆಗೆದು, ಅದರ ಐದು ಪಟ್ಟು, ಅಂದರೆ 125 ಗ್ರಾಂ ನೀರಿನಲ್ಲಿ ಗಂಟಿಲ್ಲದಂತೆ ಕದಡಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತೇನೆ. ಸುಮಾರು 65 ಡಿಗ್ರಿಗೆ ಬರುವಾಗ ಚಮಚ ಎಳೆದ ಗೆರೆ ಪಾತ್ರೆಯ ತಳದಲ್ಲಿ ಹಾಗೆಯೇ ನಿಲ್ಲುತ್ತದೆ. ಒಲೆ ಆರಿಸುವುದು ಆಗ. ಪೂರ್ತಿ ಆರಿದ ಗಂಜಿಗೆ ಉಳಿದ 475 ಗ್ರಾಂ ಹಿಟ್ಟು, 215 ಗ್ರಾಂ ನೀರು, 10 ಗ್ರಾಂ ಉಪ್ಪು, 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 25 ಗ್ರಾಂ ಸಕ್ಕರೆ ಸೇರಿಸಿ, ಸ್ವಲ್ಪ ನಾದಿದ ಮೇಲೆ 30 ಗ್ರಾಂ ಬೆಣ್ಣೆ. ಬೆಣ್ಣೆ ಬಿದ್ದ ಕೂಡಲೇ ಹಿಟ್ಟು ಜಾರಿ ರಾಡಿಯಾಗುತ್ತದೆ. ಹೆದರಿ ಮೇಲೆ ಒಣ ಹಿಟ್ಟು ಉದುರಿಸಬಾರದು. ಇನ್ನೊಂದು ಹತ್ತು ನಿಮಿಷ ನಾದಿದರೆ ಅದು ತಾನಾಗಿ ನಯವಾಗುತ್ತದೆ. ಚೂರು ಹಿಟ್ಟನ್ನು ಬೆರಳುಗಳ ನಡುವೆ ಹಿಗ್ಗಿಸಿದಾಗ ಹರಿಯದೆ, ಬೆಳಕು ಕಾಣುವಷ್ಟು ತೆಳುವಾದರೆ ನಾದಿದ್ದು ಸಾಕು. ಗಂಜಿಯ ಪಿಷ್ಟ ಮೊದಲೇ ನೀರು ಹೀರಿಕೊಂಡಿರುವುದರಿಂದ ಹಿಟ್ಟು ಅಂಟದೆಯೇ ಹೆಚ್ಚು ನೀರು ಹಿಡಿಯುತ್ತದೆ. ಬ್ರೆಡ್ ಮೂರನೆಯ ದಿನವೂ ಬಗ್ಗುತ್ತದೆ, ಮುರಿಯುವುದಿಲ್ಲ.

ಉಬ್ಬಿಸುವುದು, ಅಚ್ಚಿಗೆ ಹಾಕುವುದು ಬೇರೆ ಬ್ರೆಡ್ಡುಗಳಂತೆಯೇ. 190 ಡಿಗ್ರಿಯಲ್ಲಿ ಅರ್ಧ ಗಂಟೆ. ನಡುಭಾಗ 93 ಡಿಗ್ರಿ ದಾಟಿದರೆ ಬೆಂದಿದೆ.

ಬಿಸಿಬಿಸಿಯಾಗಿ ಕೊಡುವ ಆಸೆಯನ್ನು ಬಿಟ್ಟಿದ್ದೇನೆ. ಬಿಸಿಯಲ್ಲೇ ಕೊಯ್ದರೆ ಒಳಗು ಮೆತ್ತಿಕೊಳ್ಳುತ್ತದೆ, ಬಿಸಿಯಲ್ಲೇ ಕಟ್ಟಿದರೆ ಬೆವರಿ ಬೇಗ ಬೂಷ್ಟು ಹಿಡಿಯುತ್ತದೆ. ಪೂರ್ತಿ ತಣಿದ ಮೇಲೆ ಕಟ್ಟಿ, ಜೊತೆಗೆ ಒಂದು ಚೀಟಿ ಇಡುತ್ತೇನೆ: ಮಾಡಿದ ದಿನ, ಗೋಧಿ ಮತ್ತು ಹಾಲಿನ ಅಂಶ ಇದೆಯೆಂಬ ಮಾತು, ಫ್ರಿಜ್‌ನಲ್ಲಿ ಇಡಬೇಡಿ, ಉಳಿದರೆ ಹೋಳು ಮಾಡಿ ಫ್ರೀಜರ್‌ನಲ್ಲಿಡಿ. ಎಳ್ಳು ಉದುರಿಸಿದ್ದರೆ ಅದನ್ನೂ ಬರೆಯಲೇಬೇಕು. ಯಾರ ಮೈಗೆ ಯಾವುದು ಒಗ್ಗದು ಎಂದು ಊಹಿಸಿ ಕೊಡುವುದು ಸರಿಯಲ್ಲ.

‘ಹೇಗಿತ್ತು?’ ಎಂದು ಕೇಳುವುದನ್ನೂ ನಿಲ್ಲಿಸಿದೆ. ಎಲ್ಲರೂ ‘ಚೆನ್ನಾಗಿತ್ತು’ ಎನ್ನುತ್ತಾರೆ. ‘ಕೊನೆಯ ಹೋಳು ಯಾವ ದಿನ ತಿಂದಿರಿ, ಆಗ ಹೇಗಿತ್ತು?’ ಎಂದು ಕೇಳಿದರೆ ನಿಜವಾದ ಉತ್ತರ ಬರುತ್ತದೆ. ಅದನ್ನು ಆ ವಾರದ ತೂಕಗಳ ಪಕ್ಕದಲ್ಲೇ ಬರೆದಿಡುತ್ತೇನೆ.

ಈಗ ಶೇಕಡಾ 40ರಷ್ಟು ಗೋಧಿ ಹಿಟ್ಟು ಬೆರೆಸಿ ನೋಡುತ್ತಿದ್ದೇನೆ. ಗೋಧಿಯ ಹೊಟ್ಟು ನೀರನ್ನು ಹೆಚ್ಚು ಎಳೆದುಕೊಳ್ಳುವುದರಿಂದ ಕಳೆದ ವಾರ 20 ಗ್ರಾಂ ನೀರು ಹೆಚ್ಚಿಸಿದೆ. ನಮ್ಮ ಮನೆಯ ಬ್ರೆಡ್ ಭಾನುವಾರವೇ ಮುಗಿಯಿತು. ಅಜ್ಜಿಯ ಮನೆಯಲ್ಲಿ ಮಂಗಳವಾರಕ್ಕೆ ಎರಡು ಹೋಳು ಉಳಿದಿದ್ದವು. ‘ಮೆತ್ತಗಿದೆ, ಆದರೆ ಅಂಚು ಒರಟು’ ಎಂದರು. ಈ ಶನಿವಾರ ಇನ್ನೂ 10 ಗ್ರಾಂ ನೀರು.