ನೀರು ಹಾಕಿದಷ್ಟೂ ಒಣಗುತ್ತಿದ್ದ ಬೆಂಟ್‌ಗ್ರಾಸ್

ದಿನಾ ನೀರು ಹಾಕಿದರೂ ನನ್ನ ಬೆಂಟ್‌ಗ್ರಾಸ್ ಹಾಸಿನಲ್ಲಿ ಅಲ್ಲಲ್ಲಿ ಕಂದು ತೇಪೆಗಳು ಕಾಣಿಸಿಕೊಂಡವು. ಇದು ಹೊಳೆದಂಡೆ, ತೇವದ ಹುಲ್ಲುಗಾವಲುಗಳಲ್ಲಿ ತಾನಾಗಿ ಬೆಳೆಯುವ ಹುಲ್ಲು, ಅಲ್ವಾ? ನೀರು ಸಾಲದು ಅಂದುಕೊಂಡು ಇನ್ನೂ ಜಾಸ್ತಿ ಹಾಕಿದೆ. ತೇಪೆಗಳು ದೊಡ್ಡದಾದವು.

ಕೊನೆಗೆ ಚಾಕುವಿನಿಂದ ಒಂದು ತುಂಡು ಕೊಯ್ದು ಎತ್ತಿ ನೋಡಿದೆ. ಹಸಿರಿನ ಕೆಳಗೆ 2 ಸೆಂ.ಮೀ. ದಪ್ಪದ, ಸ್ಪಂಜಿನಂಥ ಕಂದು ಪದರ. ಅದರಡಿಯ ಮಣ್ಣು ಪೂರ್ತಿ ಒಣ! ಈ ಬೆಂಟ್‌ಗ್ರಾಸ್ (ಸಸ್ಯಶಾಸ್ತ್ರದ ಹೆಸರು ಅಗ್ರೋಸ್ಟಿಸ್ ಸ್ಟೊಲೊನಿಫೆರಾ) ನೆಲದ ಮೇಲೆ ಕುಡಿ ಹಬ್ಬಿಸಿ, ಗೆಣ್ಣುಗಳಲ್ಲಿ ಬೇರು ಬಿಟ್ಟು ಹರಡುತ್ತದೆ. ಅದೇ ಇದರ ಚೆಂದ. ಆದರೆ ಸತ್ತ ಕುಡಿ, ಬೇರುಗಳು ಕೊಳೆಯುವುದಕ್ಕಿಂತ ಬೇಗ ಸೇರುತ್ತಾ ಹೋದರೆ ಇಂಥ ಪದರ ಕಟ್ಟುತ್ತದೆ. ನೀರು ಅಲ್ಲೇ ನಿಲ್ಲುತ್ತದೆ, ಬೇರೂ ಅಲ್ಲೇ ಉಳಿಯುತ್ತದೆ.

ಬಿಸಿಲುಗಾಲದಲ್ಲಿ ಕೈ ಹಾಕಲಿಲ್ಲ. ಇದು ತಂಪು ಹವೆಯ ಹುಲ್ಲು, ಸೆಕೆಯಲ್ಲಿ ಗಾಯ ಮಾಯುವುದು ನಿಧಾನ. ಹವೆ ತಂಪಾದ ಮೇಲೆ ಟೊಳ್ಳು ಹಲ್ಲಿನ ಫೋರ್ಕ್‌ನಿಂದ 8 ಸೆಂ.ಮೀ. ಆಳದವರೆಗೆ ಮಣ್ಣಿನ ತುಂಡುಗಳನ್ನು ತೆಗೆದೆ. ತೂತುಗಳಿಗೆ ತೊಳೆದ ಮರಳು ಗುಡಿಸಿ ತುಂಬಿದೆ. ಸಾರಜನಕ ಗೊಬ್ಬರ ಅರ್ಧಕ್ಕೆ ಇಳಿಸಿದೆ. ದಿನಾ ಸುಮ್ನೆ ಚಿಮುಕಿಸುವುದನ್ನು ಬಿಟ್ಟು, ಎರಡು ಮೂರು ದಿನಕ್ಕೊಮ್ಮೆ ಬೆಳಿಗ್ಗೆ ಆಳಕ್ಕೆ ಇಳಿಯುವಷ್ಟು ನೀರು ಕೊಟ್ಟೆ. ಹುಲ್ಲು ಕತ್ತರಿಸುವ ಎತ್ತರ 10 ಮಿ.ಮೀ. ಇಟ್ಟೆ. ಗಾಲ್ಫ್ ಗ್ರೀನ್‌ನಂತೆ (ಗಾಲ್ಫ್ ಗುಳಿಯ ಸುತ್ತಲಿನ ನುಣುಪು ಹಾಸು) 3 ಮಿ.ಮೀ.ಗೆ ಕತ್ತರಿಸಲು ಬೇರೆಯದೇ ಯಂತ್ರ ಬೇಕು.

ಬೋಳು ಜಾಗಕ್ಕೆ ಬೀಜ ಬೇಕಾಗಲಿಲ್ಲ. ಆರು ವಾರದಲ್ಲಿ ಪಕ್ಕದ ಕುಡಿಗಳೇ ಹಬ್ಬಿ ಮುಚ್ಚಿದವು. ಮೊನ್ನೆ ಮತ್ತೊಂದು ತುಂಡು ಎತ್ತಿ ನೋಡಿದೆ. ಬಿಳಿ ಬೇರುಗಳು ಮರಳು ತುಂಬಿದ ತೂತುಗಳೊಳಗೆ ನೇರ ಇಳಿದಿವೆ.