ಮಿಷಿಗನ್‌ನ ಹೊಳೆಗೊಂದು ಕಡವು

ಸೇತುವೆ ಕೆಳಗಿನ ಕೆಸರಲ್ಲಿ ಒಂಟಿ ಚಪ್ಪಲಿ ಹೂತು ನಿಂತಿತ್ತು. ಯಾರೋ ಕಯಾಕ್ ಎಂಬ ಪುಟ್ಟ ದೋಣಿ ಇಳಿಸಲು ಹೋಗಿ ಕಾಲು ಕಿತ್ತುಕೊಂಡಿದ್ದಾರೆ, ಚಪ್ಪಲಿ ಅಲ್ಲೇ ಉಳಿದಿದೆ. ಅದರ ಫೋಟೊವನ್ನೇ ಮುಂದೆ, ದೋಣಿ ಇಳಿಸುವ ಕಡವಿಗೆ ದುಡ್ಡು ಕೇಳಿದ ನಮ್ಮ ಅರ್ಜಿಯಲ್ಲಿ ಎಲ್ಲಕ್ಕಿಂತ ಮೊದಲು ಹಾಕಿದೆ.

ನಾನು ಕುಂದಾಪುರದ ಕಡೆಯವನು, ಈಗಿರುವುದು ಅಮೆರಿಕದ ಮಿಷಿಗನ್‌ನಲ್ಲಿ. ನಮ್ಮೂರಲ್ಲಿ ಕಡವನ್ನು ಯಾರೂ ಪ್ಲಾನ್ ಮಾಡಿದ್ದಿಲ್ಲ. ದೋಣಿ ನಿಂತಲ್ಲಿ ಕಡವು. ಇಲ್ಲಿ ದೋಣಿ ಸಾಗುವಂಥ ಹೊಳೆಯಲ್ಲಿ ಯಾರು ಬೇಕಾದರೂ ಹೋಗಬಹುದು, ಆದರೆ ದಡ ಹೆಚ್ಚಾಗಿ ಖಾಸಗಿಯವರದ್ದು. ಇಳಿಯಲು ಜಾಗವಿಲ್ಲದಿದ್ದರೆ ಹೊಳೆ ಇದ್ದೂ ಇಲ್ಲದ ಹಾಗೆ. ಸಾರ್ವಜನಿಕ ಕಡವುಗಳನ್ನು ಒಂದಕ್ಕೊಂದು ಪೋಣಿಸಿದರೆ ಅದು ‘ವಾಟರ್ ಟ್ರೈಲ್’. ಇದೇ ರಾಜ್ಯದ ಹ್ಯೂರಾನ್ ನದಿಯಲ್ಲಿ ಅಂಥದ್ದು 104 ಮೈಲಿ ಇದೆ.

ನಮ್ಮ ಟೌನ್‌ಶಿಪ್‌ನ (ನಮ್ಮ ಕಡೆಯ ಪಂಚಾಯತಿ ಇದ್ದ ಹಾಗೆ) ಪಾರ್ಕ್ ಕಮಿಟಿಯಲ್ಲಿ ನಾನೂ ಒಬ್ಬ. ಮೊದಲು ನಕ್ಷೆ ಹಿಡಿದು ಕೂತೆವು. ಆರಾಮಾಗಿ ಹುಟ್ಟು ಹಾಕಿದರೆ ಗಂಟೆಗೆ ಎರಡು-ಮೂರು ಮೈಲಿ. ಮಕ್ಕಳಿದ್ದರೆ ಎರಡು ಗಂಟೆಗೇ ‘ಇನ್ನೂ ಎಷ್ಟು ದೂರ?’ ಶುರು. ಅಂದರೆ ಸುಮಾರು ಐದು ಮೈಲಿಗೊಂದು ಕಡವು ಬೇಕು. ನಮ್ಮ ಹೊಳೆಯಲ್ಲಿ ಒಂದು ಕಡೆ ಹನ್ನೊಂದು ಮೈಲಿ ಏನೂ ಇರಲಿಲ್ಲ.

ಜಾಗ ಆರಿಸುವಾಗ ಎಡವಿದ್ದು ನಾನೇ. ತಿರುವಿನ ಒಳಮಗ್ಗುಲಲ್ಲಿ ಚಂದದ ಮರಳು, ನಿಧಾನದ ನೀರು. ಇದೇ ಸರಿ ಅಂದುಬಿಟ್ಟೆ. ಹಿಮ ಕರಗಿ ಹೊಳೆ ಏರಿ ಇಳಿದ ಮೇಲೆ ಹೋಗಿ ನೋಡಿದರೆ ಮೊಣಕಾಲುದ್ದ ಹೂಳು! ಒಳಮಗ್ಗುಲಿಗೆ ಹೊಳೆ ಮಣ್ಣು ತಂದು ಸುರಿಯುತ್ತದೆ, ಹೊರಮಗ್ಗುಲಲ್ಲಿ ದಡ ಕೊರೆಯುತ್ತದೆ. ಹೊಳೆ ಬದಿಯಲ್ಲಿ ಬೆಳೆದವನಿಗೆ ಇಷ್ಟು ಗೊತ್ತಿರಬೇಕಿತ್ತು, ಅಲ್ವಾ? ಪುಣ್ಯಕ್ಕೆ ಆಗಿನ್ನೂ ಒಂದು ಗೂಟವನ್ನೂ ನೆಟ್ಟಿರಲಿಲ್ಲ. ಕೊನೆಗೆ ಸೇತುವೆಯಿಂದ ಸ್ವಲ್ಪ ಕೆಳಗೆ, ಹೊಳೆ ನೇರ ಹರಿಯುವ ಕಡೆ ಗುರುತು ಹಾಕಿದೆವು.

ಇನ್ನು ದುಡ್ಡು. ಕೇಂದ್ರದ ಲ್ಯಾಂಡ್ ಅಂಡ್ ವಾಟರ್ ಕನ್ಸರ್ವೇಶನ್ ಫಂಡ್ ಇದೆ, 1964ರ ಕಾನೂನಿನದ್ದು. ಅದರಲ್ಲಿ ಅರ್ಧಕ್ಕರ್ಧ ನಾವು ಹಾಕಬೇಕು. ಮಿಷಿಗನ್ ನ್ಯಾಚುರಲ್ ರಿಸೋರ್ಸಸ್ ಟ್ರಸ್ಟ್ ಫಂಡ್‌ಗೆ ಕನಿಷ್ಠ ಶೇ. 25 ಸಾಕು. ರಾಜ್ಯದ ತೈಲ, ಅನಿಲದ ರಾಯಲ್ಟಿಯಿಂದ ಬೆಳೆದ ನಿಧಿ ಅದು. ಅದನ್ನೇ ಹಿಡಿದೆವು. ಐದು ವರ್ಷದ ಪಾರ್ಕ್ ಯೋಜನೆ ಕೈಯಲ್ಲಿಲ್ಲದೆ ಅರ್ಜಿ ಹಾಕುವ ಹಾಗಿಲ್ಲ. ಅದಕ್ಕೇ ಒಂದು ಚಳಿಗಾಲ ಹೋಯಿತು. ಏಪ್ರಿಲ್ 1ರೊಳಗೆ ಅರ್ಜಿ, ಡಿಸೆಂಬರಿನಲ್ಲಿ ಪಟ್ಟಿ, ಆಮೇಲೆ ಶಾಸನಸಭೆಯ ಒಪ್ಪಿಗೆ. ಮಂಜೂರಾಯಿತು ಅಂತ ಕುಣಿಯಬೇಡಿ. ಮೊದಲು ನಾವು ಖರ್ಚು ಮಾಡಬೇಕು, ಬಿಲ್ ತೋರಿಸಿದ ಮೇಲೆ ವಾಪಸ್. ಒಪ್ಪಂದಕ್ಕೆ ಸಹಿ ಬೀಳುವ ಮುಂಚೆ ಒಂದು ಲೋಡ್ ಜಲ್ಲಿ ಹಾಕಿಸಿದರೂ ಆ ಹಣ ಲೆಕ್ಕಕ್ಕಿಲ್ಲ. ಶ್ರಮದಾನವನ್ನು ನಮ್ಮ ಪಾಲಿನಲ್ಲಿ ತೋರಿಸಬಹುದು, ಆದರೆ ಬಂದವರ ಹೆಸರು, ಗಂಟೆ, ಸಹಿ ಎಲ್ಲ ಬೇಕು.

ಜಾಸ್ತಿ ದುಡ್ಡು ನುಂಗಿದ್ದು ಕಡವಲ್ಲ, ಪಾರ್ಕಿಂಗ್. ಅಲ್ಲಿಂದ ನೀರಿನವರೆಗೆ ಗಾಲಿಕುರ್ಚಿ ಹೋಗಬೇಕಾದರೆ ಒಂದು ಅಡಿ ಇಳಿಯಲು ಹನ್ನೆರಡು ಅಡಿ ಉದ್ದ ಬೇಕು. ನಮ್ಮ ದಡ ಆರಡಿ ಎತ್ತರ. ಲೆಕ್ಕ ಹಾಕಿ ನೋಡಿ, ನಡುವೆ ನಿಲ್ಲುವ ಸಮತಟ್ಟು ಬೇರೆ.

ಸಾರ್ವಜನಿಕ ಸಭೆಯಲ್ಲಿ ಎದುರುಮನೆಯ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: ‘ಕಸ ಯಾರು ಎತ್ತುತ್ತಾರೆ?’ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಕಟ್ಟಲು ದುಡ್ಡು ಕೊಡುವವರಿದ್ದಾರೆ, ಗುಡಿಸಲು ಕೊಡುವವರಿಲ್ಲ. ಯೋಚಿಸಿ ಕಸದ ಡಬ್ಬಿಯನ್ನೇ ಇಡಲಿಲ್ಲ. ಡಬ್ಬಿ ಇಟ್ಟರೆ ತುಂಬುತ್ತದೆ, ತುಂಬಿದ ಮೇಲೆ ಪಕ್ಕದಲ್ಲಿ ರಾಶಿ. ‘ತಂದದ್ದನ್ನು ವಾಪಸ್ ಒಯ್ಯಿರಿ’ ಅಂತ ಬೋರ್ಡು ಹಾಕಿದೆವು. ಮೊದಲ ಬೇಸಿಗೆಯಲ್ಲಿ ಪ್ರತಿ ಭಾನುವಾರ ಸಂಜೆ ಚೀಲ ಹಿಡಿದು ಹೋಗುತ್ತಿದ್ದೆ. ಒಟ್ಟು ಸಿಕ್ಕಿದ್ದು ಒಂದಷ್ಟು ಬಿಯರ್ ಕ್ಯಾನ್, ಒಂದು ಹುಟ್ಟು. ಹುಟ್ಟು ಇನ್ನೂ ನಮ್ಮ ಗ್ಯಾರೇಜಿನಲ್ಲಿದೆ, ಯಾರೂ ಕೇಳಿಕೊಂಡು ಬಂದಿಲ್ಲ.